ವೇದಿಕೆಯಿಲ್ಲದ ಸಂಗೀತ

ಸಂಗೀತವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಒಂದು ವೇದಿಕೆ. ಎತ್ತರದಲ್ಲಿ ಕಲಾವಿದರು, ಕೆಳಗೆ ಶ್ರೋತೃಗಳು, ನಡುವೆ ಧ್ವನಿವರ್ಧಕ. ನುಡಿಸುವವರು ಬೇರೆ, ಕೇಳುವವರು ಬೇರೆ ಎಂಬ ಈ ವಿಭಾಗವು ನಮಗೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಅದಿಲ್ಲದೆಯೂ ಸಂಗೀತವು ಇರಬಲ್ಲುದೆಂಬುದನ್ನು ಮರೆತೇ ಬಿಟ್ಟಿದ್ದೇವೆ. ಯುರೋಪಿನ ಪಶ್ಚಿಮದ ಅಂಚಿನಲ್ಲಿರುವ ಐರ್ಲೆಂಡಿನ ಜನರು ಮಾತ್ರ ಅದನ್ನು ಮರೆತಿಲ್ಲ. ಅಲ್ಲಿಯ ಬೀದಿಬೀದಿಗಳ ಪಾನಗೃಹಗಳಲ್ಲಿ, ಈಚೆಗೆ ಚಹಾ ಕಾಫಿಯ ಅಂಗಡಿಗಳಲ್ಲಿಯೂ, ನೆರೆಹೊರೆಯವರು ಒಂದು ಮೇಜಿನ ಸುತ್ತ ಕುಳಿತು ತಮ್ಮ ಜಾನಪದ ಮಟ್ಟುಗಳನ್ನು ನುಡಿಸುತ್ತಾರೆ. ಈ ಕೂಟಕ್ಕೆ ಅವರು 'ಸೆಷನ್' ಎನ್ನುತ್ತಾರೆ.

ಪಾನಗೃಹವೆಂಬ ಮಾತನ್ನು ಕೇಳಿ ನಮ್ಮ ಗೃಹಿಣಿಯರು ಹುಬ್ಬೇರಿಸಬಹುದು. ಅವರ ಸಂಕೋಚ ಅಕಾರಣವಲ್ಲ; ಅದನ್ನು ಮುಂದೆ ವಿಚಾರಿಸೋಣ. ಆದರೆ ಒಂದು ಜನಾಂಗವು ತನ್ನ ಹಿರಿಯರ ನಾದವನ್ನು ಹೇಗೆ ಉಳಿಸಿಕೊಂಡಿತೆಂಬುದು ಮನೆಮಂದಿಯೆಲ್ಲ ಕುಳಿತು ತಿಳಿಯಬೇಕಾದ ಸಂಗತಿಯೇ ಆಗಿದೆ.

ಮೇಜಿನ ಸುತ್ತಲಿನ ಶಿಸ್ತು

ಇಂತಹ ಒಂದು ಸಂಜೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ದಿನದ ದುಡಿಮೆ ಮುಗಿಸಿದ ಶಾಲಾ ಶಿಕ್ಷಕಿ, ಬಡಗಿ, ದಾದಿ, ಕಾಲೇಜು ವಿದ್ಯಾರ್ಥಿ, ನಿವೃತ್ತ ರೈತ ಒಬ್ಬೊಬ್ಬರಾಗಿ ಬರುತ್ತಾರೆ. ಅವರು ಜನರ ಕಡೆಗೆ ಮುಖ ಮಾಡಿ ಕುಳಿತುಕೊಳ್ಳುವುದಿಲ್ಲ. ಒಬ್ಬರ ಮುಖವನ್ನೊಬ್ಬರು ನೋಡುತ್ತ ವರ್ತುಲವಾಗಿ ಕುಳಿತುಕೊಳ್ಳುತ್ತಾರೆ. ಪೆಟ್ಟಿಗೆಗಳಿಂದ ಪಿಟೀಲು, ಮರದ ಕೊಳಲು, ತಗಡಿನ ಪುಟ್ಟ ಕೊಳಲು, ಕೈಯಲ್ಲಿ ಹಿಗ್ಗಿಸಿ ಕುಗ್ಗಿಸುವ ಕನ್ಸರ್ಟಿನಾ, ಬ್ಯಾಂಜೋ ಹೊರಬರುತ್ತವೆ. ಮೇಕೆಯ ಚರ್ಮ ಹೊದಿಸಿದ 'ಬೌರಾನ್' ಎಂಬ ತಮ್ಮಟೆಯನ್ನು ಒಂದು ಚಿಕ್ಕ ಕೋಲಿನಿಂದ ಬಾರಿಸುತ್ತಾರೆ. ಎಲ್ಲಕ್ಕಿಂತ ಕಠಿಣವಾದದ್ದು 'ಇಲ್ಲನ್ ಪೈಪ್' ಎಂಬ ಚೀಲವಾದ್ಯ. ಇದಕ್ಕೆ ಬಾಯಿಂದ ಉಸಿರು ತುಂಬುವುದಿಲ್ಲ, ಮೊಳಕೈಯಡಿಯ ತಿದಿಯಿಂದ ಗಾಳಿ ತುಂಬುತ್ತಾರೆ. 2017ರಲ್ಲಿ ಯುನೆಸ್ಕೊ ಸಂಸ್ಥೆಯು ಈ ವಾದ್ಯಪರಂಪರೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿ ಗೌರವಿಸಿತು.

ಯಾರೋ ಒಬ್ಬರು ಒಂದು ಮಟ್ಟನ್ನು ಎತ್ತಿಕೊಳ್ಳುತ್ತಾರೆ. ನಾಲ್ಕರ ನಡೆಯ ಮಟ್ಟಾದರೆ ಅದು ರೀಲ್, ಆರರ ನಡೆಯದಾದರೆ ಜಿಗ್. ಸಾಮಾನ್ಯವಾಗಿ ಒಂದು ಮಟ್ಟಿಗೆ ಎರಡು ಭಾಗಗಳು. ಒಂದೊಂದು ಭಾಗವನ್ನೂ ಎರಡು ಸಲ ನುಡಿಸಿ, ಇಡೀ ಮಟ್ಟನ್ನು ಎರಡು ಮೂರು ಬಾರಿ ಆವರ್ತಿಸಿ, ನಿಲ್ಲಿಸದೆಯೇ ಮತ್ತೊಂದಕ್ಕೆ ಜಾರುತ್ತಾರೆ. ಮಟ್ಟು ಗೊತ್ತಿದ್ದವರು ಸೇರಿಕೊಳ್ಳುತ್ತಾರೆ, ಗೊತ್ತಿಲ್ಲದವರು ವಾದ್ಯವನ್ನು ಮಡಿಲಲ್ಲಿಟ್ಟು ಕೇಳುತ್ತಾರೆ. ಎಲ್ಲರೂ ನುಡಿಸುವುದು ಒಂದೇ ರಾಗಗತಿಯನ್ನು. ಆದರೆ ಪ್ರತಿಯೊಬ್ಬರೂ ತಮ್ಮದೇ ಆದ ಸಣ್ಣ ಕೊಂಕು, ಮಿಡಿತ, ಅಲಂಕಾರಗಳನ್ನು ಸೇರಿಸುತ್ತಾರೆ. ಮುಂದೆ ಸ್ವರಲಿಪಿಯ ಹಾಳೆಯಿರುವುದಿಲ್ಲ. ಕಿವಿಯಿಂದ ಕಲಿತದ್ದನ್ನು ಕೈಯಿಂದ ಹಿಂದಿರುಗಿಸುವುದೇ ಅಲ್ಲಿಯ ವಿದ್ಯೆ.

ಹೊರನೋಟಕ್ಕೆ ಸ್ವಚ್ಛಂದವೆನಿಸುವ ಈ ಕೂಟಕ್ಕೆ ಬರೆದಿಡದ ನಿಯಮಗಳುಂಟು. ಹೊಸಬರು ಕೇಳದೆ ವರ್ತುಲದೊಳಗೆ ನುಗ್ಗಬಾರದು. ಒಂದು ತಮ್ಮಟೆ ನುಡಿಯುತ್ತಿರುವಾಗ ಮತ್ತೊಂದು ಸದ್ದು ಮಾಡಬಾರದು. ಯಾರಾದರೂ ಹಾಡಲು ತೊಡಗಿದರೆ ಇಡೀ ಕೋಣೆ ಮೌನವಾಗಬೇಕು. ಪ್ರವೀಣನಾದವನು ಕಲಿಯುವವನ ಸಲುವಾಗಿ ತನ್ನ ವೇಗವನ್ನು ಇಳಿಸಿಕೊಂಡರೆ ಅದನ್ನು ದೊಡ್ಡತನವೆಂದು ಎಣಿಸುತ್ತಾರೆ. 'ನಾನು' ಎಂಬುದು ಹಿಂದೆ ಸರಿದು 'ನಾವು' ಎಂಬುದು ಮುಂದೆ ಬರುವ ಈ ಶಿಸ್ತೇ ಈ ಸಂಗೀತದ ಜೀವಾಳವೆಂದು ನಮಗೆ ತೋರುತ್ತದೆ.

ಮನೆಯಿಂದ ಹೊರಬಿದ್ದ ನಾದ

ಇದು ಪುರಾತನ ಪದ್ಧತಿಯೆಂದು ಅನೇಕರು ಭಾವಿಸಿದ್ದಾರೆ. ಮಟ್ಟುಗಳು ಹಳೆಯವು, ನಿಜ. ಆದರೆ ಪಾನಗೃಹದ ಕೂಟವು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬೇರೂರಿದ್ದು. ಅದಕ್ಕೆ ಮೊದಲು ಈ ಸಂಗೀತದ ನೆಲೆ ರೈತರ ಅಡಿಗೆಮನೆಯಾಗಿತ್ತು. ಚಳಿಗಾಲದ ರಾತ್ರಿ ನೆರೆಯವರು ಒಲೆಯ ಸುತ್ತ ಸೇರುವರು. ಕಥೆ, ಹಾಡು, ಕುಣಿತ ನಡೆಯುವುವು. ಬೇಸಿಗೆಯಲ್ಲಿ ನಾಲ್ಕು ದಾರಿ ಕೂಡುವಲ್ಲಿ ಕುಣಿಯುವರು. 1935ರಲ್ಲಿ ಐರ್ಲೆಂಡಿನ ಸರ್ಕಾರವು ಸಾರ್ವಜನಿಕ ನೃತ್ಯಕ್ಕೆ ಪರವಾನಗಿ ಕಡ್ಡಾಯವೆಂಬ ಶಾಸನವನ್ನು ತಂದಿತು. ಪಾದ್ರಿಗಳೂ ಪೊಲೀಸರೂ ಅದನ್ನು ಮನೆಗಳ ಕೂಟದ ಮೇಲೆಯೂ ಪ್ರಯೋಗಿಸಿದರು. ಕುಣಿತವು ದೊಡ್ಡ ಸಭಾಂಗಣಗಳಿಗೆ ಹೋಯಿತು, ಅಡಿಗೆಮನೆಯ ಪಿಟೀಲು ಮೂಕವಾಯಿತು.

ಅದರ ಜೊತೆಗೆ ವಲಸೆಯ ಸಂಕಟವೂ ಸೇರಿತು. ಎರಡನೆಯ ಮಹಾಯುದ್ಧದ ನಂತರ ಐರ್ಲೆಂಡಿನ ಸಾವಿರಾರು ತರುಣರು ಕಟ್ಟಡಗಳ ಕೂಲಿಗಾಗಿ ಲಂಡನ್ ನಗರವನ್ನು ಸೇರಿದರು. ಬಾಡಿಗೆಯ ಇಕ್ಕಟ್ಟಾದ ಕೋಣೆಯಲ್ಲಿ ವಾದ್ಯ ನುಡಿಸಲು ಎಡೆಯೆಲ್ಲಿ? ಅವರು ಕ್ಯಾಮ್ಡೆನ್ ಟೌನ್ ಮುಂತಾದ ಕಡೆಗಳ ಪಾನಗೃಹಗಳ ಮೂಲೆಗಳನ್ನು ಆಶ್ರಯಿಸಿದರು. ಬೀದಿಗಳಲ್ಲಿ ಹಾಡಿ ಬದುಕುತ್ತಿದ್ದ ಮಾರ್ಗರೆಟ್ ಬ್ಯಾರಿ, ಪಿಟೀಲುಗಾರ ಮೈಕೆಲ್ ಗೋರ್ಮನ್, ಕೆರಿ ಪ್ರಾಂತದಿಂದ ಬಂದ ಜೂಲಿಯಾ ಕ್ಲಿಫರ್ಡ್ ಮೊದಲಾದವರು ಅಲ್ಲಿ ನುಡಿಸಿದರು. 'ದಿ ಫೇವರಿಟ್' ಎಂಬ ಪಾನಗೃಹದ ಕೂಟಗಳ ಧ್ವನಿಮುದ್ರಣವು 1968ರಲ್ಲಿ ಗ್ರಾಮಫೋನ್ ತಟ್ಟೆಯಾಗಿ ಹೊರಬಂದಿತು. ತವರನ್ನು ತೊರೆದವರು ಪರದೇಶದ ಒಂದು ಮೇಜಿನ ಸುತ್ತ ತವರನ್ನೇ ಕಟ್ಟಿಕೊಂಡದ್ದನ್ನು ಆ ತಟ್ಟೆಯು ಇಂದಿಗೂ ನುಡಿಯುತ್ತದೆ.

ತಾಯ್ನಾಡಿನಲ್ಲಿಯೂ ಕೆಲವರು ಎಚ್ಚೆತ್ತಿದ್ದರು. 1951ರಲ್ಲಿ ಮಲಿಂಗಾರ್ ಪಟ್ಟಣದಲ್ಲಿ 'ಕೋಲ್ತಾಸ್' ಎಂಬ ಸಂಗೀತ ಸಂಸ್ಥೆ ಸ್ಥಾಪಿತವಾಗಿ, ಅದೇ ವರ್ಷ 'ಫ್ಲಾ' ಎಂಬ ಉತ್ಸವವನ್ನು ನಡೆಸಿತು. ಸ್ಪರ್ಧೆಗಳು ಸಭಾಂಗಣದಲ್ಲಿ ನಡೆದರೂ, ನಿಜವಾದ ಹಬ್ಬ ಬೀದಿಗಳಲ್ಲಿ, ಪಾನಗೃಹಗಳಲ್ಲಿ ನಡೆಯುತ್ತಿತ್ತು. ದೂರದೂರದ ಹಳ್ಳಿಗಳ ವಾದಕರು ಅಲ್ಲಿ ಮೊದಲ ಬಾರಿ ಪರಸ್ಪರ ಕೈಕೈ ಹಿಡಿದರು. ಇದಕ್ಕೂ ಮೊದಲೇ, ಕಾರ್ಕ್ ಪ್ರಾಂತದಿಂದ ಅಮೆರಿಕೆಗೆ ವಲಸೆ ಹೋಗಿ ಷಿಕಾಗೊ ನಗರದ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ ಫ್ರಾನ್ಸಿಸ್ ಓನೀಲ್ ಅವರು ವಲಸಿಗರ ನಾಲಿಗೆಯ ಮೇಲಿದ್ದ ಮಟ್ಟುಗಳನ್ನು ಸಂಗ್ರಹಿಸಿ, 1903ರಲ್ಲಿ 1850 ಮಟ್ಟುಗಳ ಸಂಪುಟವನ್ನೂ 1907ರಲ್ಲಿ 1001 ಕುಣಿತದ ಮಟ್ಟುಗಳ ಸಂಪುಟವನ್ನೂ ಪ್ರಕಟಿಸಿದ್ದರು. ಒಬ್ಬ ಪೊಲೀಸ್ ಅಧಿಕಾರಿಯ ಈ ಸೇವೆ ಎಂದಿಗೂ ಸ್ಮರಣೀಯ.

ಮೂಲೆಯಿಂದ ಜಗತ್ತಿಗೆ

ಡಬ್ಲಿನ್ ನಗರದ ಮೆರಿಯನ್ ರೋ ಬೀದಿಯಲ್ಲಿ ಓಡೊನಹ್ಯೂ ಎಂಬ ಪಾನಗೃಹವುಂಟು. 1962ರಲ್ಲಿ ಅಲ್ಲಿ ರಾನಿ ಡ್ರೂ, ಲೂಕ್ ಕೆಲಿ, ಬಾರ್ನಿ ಮೆಕೆನ್ನಾ, ಕಿರನ್ ಬರ್ಕ್ ಎಂಬ ನಾಲ್ವರು ಗೆಳೆಯರು ಸೇರಿ ಹಾಡತೊಡಗಿದರು. ಜೇಮ್ಸ್ ಜಾಯ್ಸ್ ಅವರ ಕಥಾಸಂಕಲನದ ಹೆಸರನ್ನೇ ಎರವಲು ಪಡೆದು ಅವರು 'ಡಬ್ಲಿನರ್ಸ್' ಎನಿಸಿಕೊಂಡರು. ಒಂದು ಮೂಲೆಯಲ್ಲಿ ಹುಟ್ಟಿದ ಆ ತಂಡವು ಲೋಕವನ್ನೆಲ್ಲ ಸುತ್ತಿ, ಐವತ್ತು ವರ್ಷ ಬಾಳಿ, 2012ರಲ್ಲಿ ಬಾರ್ನಿ ಮೆಕೆನ್ನಾ ತೀರಿಕೊಂಡ ವರ್ಷವೇ ವಿರಮಿಸಿತು.

ಆದರೆ ಲೋಕ ಸುತ್ತಿದವರಷ್ಟೇ ಮುಖ್ಯರಾದವರು ಊರಿನಲ್ಲಿ ಉಳಿದವರು. ಕ್ಲೇರ್ ಪ್ರಾಂತದ ಕಡಲ ದಡದ ಡೂಲಿನ್ ಹಳ್ಳಿಯಲ್ಲಿ ಮೈಕೋ ರಸೆಲ್ ಎಂಬ ರೈತರಿದ್ದರು. 1915ರಲ್ಲಿ ಹುಟ್ಟಿದ ಅವರ ಕೈಯ ತಗಡಿನ ಕೊಳಲು ಅತ್ಯಂತ ಸರಳ. ಅವರ ನುಡಿಸುವಿಕೆಯೂ ಅಷ್ಟೇ ಸರಳ. ಸೋದರರಾದ ಪ್ಯಾಕಿ ಮತ್ತು ಗಸಿಯವರೊಡನೆ ಅವರು ಹಳ್ಳಿಯ ಪಾನಗೃಹದಲ್ಲಿ ನುಡಿಸುತ್ತಿದ್ದರು. ಅವರನ್ನು ಕೇಳಲು ತರುಣರು ಹೆಗಲ ಚೀಲ ಹೊತ್ತು ದೇಶದೇಶಗಳಿಂದ ಬಂದರು. 1994ರಲ್ಲಿ ರಸೆಲ್ ಅವರು ಅಪಘಾತದಲ್ಲಿ ಮಡಿದರು. ಅವರ ಹೆಸರಿನಿಂದ ಡೂಲಿನ್ ಪ್ರಸಿದ್ಧವಾಯಿತು, ಪ್ರಸಿದ್ಧಿಯಿಂದ ಜನಸಂದಣಿ ಬೆಳೆಯಿತು. ಪ್ರವಾಸಿಗರ ಗದ್ದಲದ ನಡುವೆ ಕೆಲವೆಡೆ ಧ್ವನಿವರ್ಧಕ ಬಂದಿತು. ಮೇಜು ಮತ್ತೆ ವೇದಿಕೆಯಾಯಿತು. ಕೀರ್ತಿಯು ತಾನು ಮೆಚ್ಚಿದ್ದನ್ನೇ ತುಳಿಯುವುದೂ ಉಂಟು.

ಕುಡಿತದ ಪ್ರಶ್ನೆ

ಇನ್ನು ನಾವು ಮೊದಲಿಗೆ ಹೇಳಿದ ಸಂಕೋಚದ ವಿಚಾರ. ಮದ್ಯ ಮಾರುವ ಸ್ಥಳವು ಸಂಗೀತದ ಆಶ್ರಯವಾದುದಕ್ಕೆ ಐರ್ಲೆಂಡ್ ಬೆಲೆ ತೆತ್ತಿದೆ. ಸಂಗೀತಗಾರರಿಗೆ ಅಭಿಮಾನಿಗಳು ಪ್ರೀತಿಯಿಂದ ಕೊಡಿಸುವ ಲೋಟವು ಎಷ್ಟೋ ಮಂದಿಯ ಕೈಯನ್ನು ನಡುಗಿಸಿದೆ, ಸಂಸಾರಗಳನ್ನು ಕೆಡಿಸಿದೆ. ಪ್ರಖ್ಯಾತ ಗಾಯಕ ಕ್ರಿಸ್ಟಿ ಮೂರ್ ಅವರು ತಾವು ಕುಡಿತಕ್ಕೆ ಸಿಲುಕಿ ಅದರಿಂದ ಬಿಡಿಸಿಕೊಂಡುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅದೇ ನೆಲದಲ್ಲಿ ಪಾನನಿರೋಧದ ಪರಂಪರೆಯೂ ಪ್ರಬಲವಾಗಿದೆ. 1838ರಲ್ಲಿ ಕಾರ್ಕ್ ನಗರದ ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಪಾದ್ರಿಯು ಆರಂಭಿಸಿದ ಚಳವಳಿಯಲ್ಲಿ ಲಕ್ಷಾಂತರ ಜನ ಮದ್ಯ ತ್ಯಜಿಸುವ ಪ್ರತಿಜ್ಞೆ ಕೈಗೊಂಡರು. ಊರೂರಿನಲ್ಲಿ ಪಾನನಿರೋಧದ ವಾದ್ಯಮೇಳಗಳು ಹುಟ್ಟಿದವು. 1898ರಲ್ಲಿ ಡಬ್ಲಿನ್ನಿನಲ್ಲಿ 'ಪಯೋನಿಯರ್' ಎಂಬ ಪೂರ್ಣ ಪಾನತ್ಯಾಗಿಗಳ ಸಂಘ ಸ್ಥಾಪನೆಯಾಯಿತು.

ಈಗ ಗಾಳಿ ಕೊಂಚ ತಿಳಿಯಾಗಿದೆ. 2004ರ ಮಾರ್ಚ್ 29ರಿಂದ ಐರ್ಲೆಂಡಿನ ಪಾನಗೃಹಗಳಲ್ಲಿ ಧೂಮಪಾನ ನಿಷಿದ್ಧ. ಮೇಜಿನ ಮೇಲೆ ಚಹಾದ ಬಟ್ಟಲನ್ನಿಟ್ಟುಕೊಂಡು ನುಡಿಸುವವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಹಗಲಿನಲ್ಲಿ ಕೆಫೆಗಳಲ್ಲಿ, ಸಂಸ್ಥೆಗಳ ಸಭಾಂಗಣಗಳಲ್ಲಿ ಮಕ್ಕಳಿಗಾಗಿಯೇ ನಿಧಾನಗತಿಯ ಕೂಟಗಳು ನಡೆಯುತ್ತವೆ. ಕ್ಲೇರ್ ಪ್ರಾಂತದ ಮಿಲ್ಟೌನ್ ಮಾಲ್ಬೇ ಪಟ್ಟಣದಲ್ಲಿ, ಚೀಲವಾದ್ಯದ ಮಹಾವಿದ್ವಾಂಸ ವಿಲಿ ಕ್ಲಾನ್ಸಿಯವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಬೇಸಿಗೆ ಶಾಲೆಗೆ ಮೊಮ್ಮಕ್ಕಳೊಡನೆ ಅಜ್ಜ ಅಜ್ಜಿಯರೂ ಬರುತ್ತಾರೆ. ನಾದಕ್ಕೆ ಮದ್ಯ ಬೇಕಾಗಿಲ್ಲ. ಅದಕ್ಕೆ ಬೇಕಾದುದು ಒಂದು ಮೇಜು, ಕೆಲವು ಕುರ್ಚಿಗಳು, ಕೇಳುವ ಕಿವಿಗಳು. ಈ ಮಾತನ್ನು ಅಲ್ಲಿಯವರೇ ದಿನದಿನವೂ ರುಜುವಾತು ಮಾಡುತ್ತಿದ್ದಾರೆ.

ನೆಲದ ಬೆಲೆ, ನಾದದ ಬೆಲೆ

ಇಂದಿನ ಅಪಾಯವೇ ಬೇರೆ. ಡಬ್ಲಿನ್ನಿನ ಸ್ಮಿತ್‌ಫೀಲ್ಡ್ ಎಂಬ ಹಳೆಯ ಸಂತೆಯ ಬಡಾವಣೆಯಲ್ಲಿ 'ಕಾಬಲ್‌ಸ್ಟೋನ್' ಎಂಬ ಪಾನಗೃಹವಿದೆ. ಒಂದು ಸಂಗೀತದ ಕುಟುಂಬವು ನಡೆಸುವ ಆ ಮನೆಯ ಮುಂದಿನ ಮೂಲೆಯಲ್ಲಿ ಕೂಟ ನಡೆದರೆ, ಹಿಂದಿನ ಕೊಠಡಿಯಲ್ಲಿ ಸಂಗೀತದ ಪಾಠಗಳೂ ಕಛೇರಿಗಳೂ ನಡೆಯುತ್ತ ಬಂದಿವೆ. 2021ರಲ್ಲಿ ಅಲ್ಲಿ ಬಹುಮಹಡಿ ಹೋಟೆಲನ್ನು ಕಟ್ಟುವ ಯೋಜನೆಯೊಂದು ಸಿದ್ಧವಾಯಿತು. ಮುಂಭಾಗ ಉಳಿಯಲಿತ್ತು, ಹಿಂದಿನ ಕೊಠಡಿ ಹೋಗಲಿತ್ತು. ಅಂದರೆ ನೋಟ ಉಳಿದು ಪಾಠ ಅಳಿಯುವ ಏರ್ಪಾಡು!

ನಗರವಾಸಿಗಳು ಸುಮ್ಮನೆ ಕೂಡಲಿಲ್ಲ. ಸಾವಿರಾರು ಜನ ಮನವಿಗೆ ಸಹಿ ಮಾಡಿದರು. ಅಕ್ಟೋಬರ್ ತಿಂಗಳಲ್ಲಿ ಸಂಸ್ಕೃತಿಯ ಶವಪೆಟ್ಟಿಗೆಯನ್ನು ಸಾಂಕೇತಿಕವಾಗಿ ಹೊತ್ತು, ವಾದ್ಯಗಳನ್ನು ನುಡಿಸುತ್ತ, ಬೀದಿಗಳಲ್ಲಿ ಮೆರವಣಿಗೆ ಹೊರಟರು. ನವೆಂಬರಿನಲ್ಲಿ ನಗರಸಭೆಯು ಹೋಟೆಲಿಗೆ ಅನುಮತಿಯನ್ನು ನಿರಾಕರಿಸಿತು. ಮೇಜಿನ ಸುತ್ತ ಕುಳಿತವರು ಒಂದಾಗಿ ನಿಲ್ಲಬಲ್ಲರೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಒಬ್ಬೊಬ್ಬರೇ ಮನೆಯಲ್ಲಿ ಕುಳಿತು ಧ್ವನಿಮುದ್ರಿಕೆ ಕೇಳುವವರಾಗಿದ್ದರೆ ಆ ಮೆರವಣಿಗೆ ಹೊರಡುತ್ತಿರಲಿಲ್ಲ.

ಐರ್ಲೆಂಡಿನ ಈ ಕಥೆಯಲ್ಲಿ ನಮ್ಮನ್ನು ತಟ್ಟುವುದು ಇದೇ. ಶಾಸನವು ಅಡಿಗೆಮನೆಯಿಂದ ಹೊರಹಾಕಿದಾಗ ಆ ನಾದವು ಪಾನಗೃಹಕ್ಕೆ ಹೋಯಿತು. ಬಡತನವು ದೇಶದಿಂದ ಹೊರಹಾಕಿದಾಗ ಲಂಡನ್ನಿಗೆ ಹೋಯಿತು. ಹಣವು ಕೊಠಡಿಯಿಂದ ಹೊರಹಾಕಲು ಬಂದಾಗ ಬೀದಿಗಿಳಿಯಿತು. ಸ್ಥಳಗಳು ಬದಲಾದವು, ಕೂಡಿ ಕುಳಿತುಕೊಳ್ಳುವ ಅಭ್ಯಾಸ ಬದಲಾಗಲಿಲ್ಲ. ಸಂಗೀತವನ್ನು ಗ್ರಂಥಗಳು ಕಾಪಾಡಬಲ್ಲವು, ಧ್ವನಿಮುದ್ರಣಗಳು ಕಾಪಾಡಬಲ್ಲವು. ಆದರೆ ಅದನ್ನು ಬದುಕಿಸುವುದು ವಾರಕ್ಕೊಮ್ಮೆ ತಪ್ಪದೆ ಬಂದು, ಪಕ್ಕದ ಕುರ್ಚಿಯನ್ನು ಒಬ್ಬ ಬಾಲಕನಿಗಾಗಿ ಸರಿಸಿ ಕೊಡುವ ಹಿರಿಯರು. ಆ ಕುರ್ಚಿ ಖಾಲಿಯಿರುವವರೆಗೆ, ಅದರ ಮೇಲೆ ಕುಳಿತುಕೊಳ್ಳಲು ಮಗುವೊಂದು ಬರುವವರೆಗೆ, ನಾದಕ್ಕೆ ಅಳಿವಿಲ್ಲ.