ಅಂಗಡಿ ಮುಂದೆ ಕಪ್ಪು ಕಲೆ ಬೀಳ್ತಿದೆಯಾ? ಹಳೇ ಕಾರಿಗೆ ಚೇಂಬರ್ ಪ್ಯಾಕಿಂಗ್ ಹಾಕಿಸೋ ಮುಂಚೆ ಇದನ್ನ ಓದಿ

ದಾವಣಗೆರೆ/ಹರಿಹರ: ಬೆಳಿಗ್ಗೆ ಶಟರ್ ಎತ್ತಿ, ರಾತ್ರಿ ನಿಲ್ಲಿಸಿದ್ದ ಓಮ್ನಿಯನ್ನ ನಾಲ್ಕಡಿ ಮುಂದೆ ತೆಗೆದರೆ ನೆಲದ ಮೇಲೆ ರೂಪಾಯಿ ಅಗಲದ ಕಪ್ಪು ಕಲೆ. ವಾರ ಕಳೆದರೆ ಅದು ತಟ್ಟೆಯಷ್ಟು ಅಗಲ ಆಗಿರುತ್ತೆ. ‘ಹಳೇ ಗಾಡಿ ಅಲ್ವಾ, ಸೋರುತ್ತೆ ಬಿಡಿ’ ಅಂತ ಸುಮ್ಮನಾಗುವವರೇ ಜಾಸ್ತಿ. ಆದರೆ ದಿನಾ ಸರಕು ತುಂಬಿಕೊಂಡು ಹರಿಹರಕ್ಕೆ ಹೋಗಿ ಬರೋ ಗಾಡಿ ಮಧ್ಯದಲ್ಲಿ ಎಂಜಿನ್ ಹಿಡಿದು ನಿಂತರೆ, ಕಡಿಮೆ ದುಡ್ಡಿನ ಪ್ಯಾಕಿಂಗ್ ಕೆಲಸ ಇಡೀ ಎಂಜಿನ್ ಬಿಚ್ಚೋ ಕೆಲಸ ಆಗುತ್ತೆ.

ಮಾರುತಿ 800 ತಯಾರಿಕೆ ನಿಂತಿದ್ದು 2014ರಲ್ಲಿ. ಅಂಬಾಸಿಡರ್ ನಿಂತಿದ್ದೂ ಅದೇ ವರ್ಷ. ಓಮ್ನಿ 2019ರಲ್ಲಿ ನಿಂತಿತು. ಆದರೂ ಕೆಎ-17 ನಂಬರಿನ ಇಂಥ ಗಾಡಿಗಳು ಎರಡೂ ಊರಲ್ಲಿ ಇನ್ನೂ ದುಡಿಯುತ್ತಿವೆ. ಇವುಗಳಲ್ಲಿ ಪದೇ ಪದೇ ಬರೋ ದೂರುಗಳಲ್ಲಿ ಚೇಂಬರ್ ಸೋರಿಕೆ ಒಂದು.

ಚೇಂಬರ್ ಅಂದರೇನು?

ಎಂಜಿನ್ನಿನ ತಳದಲ್ಲಿ ತಗಡಿನ ಬಾಂಡ್ಲಿ ಥರ ಇರೋದೇ ಆಯಿಲ್ ಚೇಂಬರ್. ಎಂಜಿನ್ ಆಯಿಲ್ ಎಲ್ಲಾ ಬಂದು ನಿಲ್ಲೋದು ಇಲ್ಲೇ. ಒಳಗಿರೋ ಸ್ಟ್ರೈನರ್ ಮೂಲಕ ಆಯಿಲ್ ಪಂಪ್ ಅದನ್ನ ಎಳೆದು ಕ್ರ್ಯಾಂಕ್, ಬೇರಿಂಗ್, ಕ್ಯಾಮ್‌ಗಳಿಗೆ ಕಳಿಸುತ್ತೆ. ಚೇಂಬರ್ ಮತ್ತು ಎಂಜಿನ್ ಬ್ಲಾಕ್ ಸೇರೋ ಜಾಗದಲ್ಲಿ ಆಯಿಲ್ ಹೊರಗೆ ಬರದಂತೆ ತಡೆಯೋದು ಪ್ಯಾಕಿಂಗ್. ಕೆಲವು ಗಾಡಿಗೆ ಕಾರ್ಕ್, ಕೆಲವಕ್ಕೆ ರಬ್ಬರ್, ಇನ್ನು ಕೆಲವಕ್ಕೆ ಬರೀ ಸಿಲಿಕಾನ್ ಪೇಸ್ಟ್. ಹಾಗಾಗಿ ಸ್ಪೇರ್ ಅಂಗಡಿಯಲ್ಲಿ ಗಾಡಿ ಹೆಸರಿನ ಜೊತೆ ಮಾಡೆಲ್ ವರ್ಷ ಕೂಡ ಹೇಳಬೇಕು.

ವರ್ಷಗಟ್ಟಲೆ ಬಿಸಿಗೆ ಬೆಂದು ಕಾರ್ಕ್ ಗಟ್ಟಿಯಾಗಿ ಒಡೆಯುತ್ತೆ. ಹಂಪ್ಸ್‌ಗೆ ತಳ ಬಡಿದರೆ ಚೇಂಬರ್ ಒಳಕ್ಕೆ ತಗ್ಗುತ್ತೆ. ತಗ್ಗು ಜಾಸ್ತಿ ಇದ್ದರೆ ಅದು ಸ್ಟ್ರೈನರ್‌ಗೆ ತಾಗಿ ಪಂಪಿಗೆ ಆಯಿಲ್ ಸಿಗೋದೇ ಕಷ್ಟ. ಆಗ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಫುಲ್ ಇದ್ದರೂ ಎಂಜಿನ್ ಒಣಗುತ್ತೆ.

ಮೊದಲು ಸೋರ್ತಿರೋದು ಎಲ್ಲಿಂದ ಅಂತ ನೋಡಿ

ದುಡ್ಡು ದಂಡ ಆಗೋದು ಇಲ್ಲೇ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋಗಿದ್ದರೆ ಆಯಿಲ್ ಮೇಲಿಂದ ಇಳಿದು ಚೇಂಬರ್ ಅಂಚಿಗೆ ಬಂದು ತೊಟ್ಟಿಕ್ಕುತ್ತೆ. ನೋಡಿದವರಿಗೆ ಚೇಂಬರೇ ಸೋರಿದ ಹಾಗೆ ಕಾಣುತ್ತೆ. ಆಯಿಲ್ ಫಿಲ್ಟರ್, ಪ್ರೆಶರ್ ಸ್ವಿಚ್, ಕ್ರ್ಯಾಂಕ್ ಆಯಿಲ್ ಸೀಲ್, ಡ್ರೈನ್ ಬೋಲ್ಟಿನ ವಾಷರ್, ಇವು ಕೂಡ ಇದೇ ಆಟ ಆಡುತ್ತವೆ.

ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿದ್ದಾಗ ಕೆಳಭಾಗವನ್ನ ಚೆನ್ನಾಗಿ ತೊಳೆದು ಒರೆಸಿ ಒಣಗಿಸಬೇಕು. ಸಂದಿಗಳಿಗೆ ಮುಖಕ್ಕೆ ಹಾಕೋ ಪೌಡರ್ ಉದುರಿಸಬೇಕು. ದಾವಣಗೆರೆಯಿಂದ ಹರಿಹರಕ್ಕೆ ಒಂದು ಸಲ ಹೋಗಿ ಬಂದು ಟಾರ್ಚ್ ಹಿಡಿದು ನೋಡಿದರೆ, ಪೌಡರ್ ಮೇಲೆ ಒದ್ದೆ ಗುರುತು ಇರುತ್ತೆ. ಎಲ್ಲಕ್ಕಿಂತ ಮೇಲಿರೋ ಒದ್ದೆ ಗುರುತು ಎಲ್ಲಿದೆಯೋ ಸೋರಿಕೆ ಶುರುವಾಗೋದು ಅಲ್ಲಿಂದ.

ಜಾಕ್ ಮೇಲೆ ಜೀವ ಇಡಬೇಡಿ

ಚೇಂಬರ್ ಬಿಚ್ಚೋಕೆ ಗಾಡಿ ಕೆಳಗೆ ಮಲಗಲೇಬೇಕು. ಡಿಕ್ಕಿಯಲ್ಲಿ ಬರೋ ಜಾಕ್ ಚಕ್ರ ಬದಲಿಸೋಕೆ ಮಾತ್ರ. ಅದರ ಆಧಾರದ ಮೇಲೆ ಕೆಳಗೆ ನುಸುಳೋದು, ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಕೊಟ್ಟು ನಿಲ್ಲಿಸೋದು ಎರಡೂ ಅಪಾಯ. ಬ್ಲಾಕ್ ಮುನ್ಸೂಚನೆ ಕೊಡದೆ ಪುಡಿಯಾಗುತ್ತೆ. ಗಟ್ಟಿ ನೆಲ, ಎರಡು ಕಡೆ ಕಬ್ಬಿಣದ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಕಲ್ಲು, ಹ್ಯಾಂಡ್‌ಬ್ರೇಕ್, ಇಷ್ಟು ಇಲ್ಲದಿದ್ದರೆ ರ್‍ಯಾಂಪ್ ಇರೋ ಗ್ಯಾರೇಜಿಗೆ ಹೋಗೋದೇ ಒಳ್ಳೇದು.

ಕೆಲಸ ನಡೆಯೋ ಕ್ರಮ

1. ಎಂಜಿನ್ ಉಗುರುಬೆಚ್ಚಗೆ ಇದ್ದಾಗ ಡ್ರೈನ್ ಬೋಲ್ಟ್ ತೆಗೆದು ಆಯಿಲ್ ಪೂರ್ತಿ ಇಳಿಸಬೇಕು. ಕುದಿಯೋ ಆಯಿಲ್ ಕೈ ಸುಡುತ್ತೆ.

2. ಅಡ್ಡ ಬರೋ ಸೈಲೆನ್ಸರ್ ಪೈಪ್, ಫ್ಲೈವೀಲ್ ಕೆಳಗಿನ ತಗಡು ಇಂಥವನ್ನ ಗಾಡಿ ನೋಡಿಕೊಂಡು ಬಿಚ್ಚಬೇಕು. ಮಾರುತಿ ಗಾಡಿಯ ಚೇಂಬರ್ ಬೋಲ್ಟುಗಳಿಗೆ 10 ನಂಬರ್ ಪಾನಾ ಸಾಕು. ಹಳೇ ಅಂಬಾಸಿಡರ್‌ಗೆ ಇಂಚು ಅಳತೆಯ ಪಾನಾ ಬೇಕು.

3. ಚೇಂಬರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ಅಂಚಿಗೆ ಗೀರು ಬಿದ್ದರೆ ಹೊಸ ಪ್ಯಾಕಿಂಗ್ ಕೂಡ ಅಲ್ಲೇ ಸೋರುತ್ತೆ. ಮರದ ತುಂಡು ಇಟ್ಟು ಪಕ್ಕದಿಂದ ಮೆಲ್ಲಗೆ ತಟ್ಟಬೇಕು.

4. ಹಳೇ ಪ್ಯಾಕಿಂಗ್ ಚೂರುಗಳನ್ನ ಎರಡೂ ಕಡೆ ಕೆರೆದು ತೆಗೆಯಬೇಕು. ಸ್ಟ್ರೈನರ್ ಜಾಲರಿ ತೊಳೆಯೋಕೆ ಇದೇ ಸಮಯ. ಚೇಂಬರ್ ತಳದಲ್ಲಿ ಲೋಹದ ಮಿನುಗು ಕಂಡರೆ ಬೇರಿಂಗ್ ಸವೆಯುತ್ತಿದೆ ಅಂತ ಅರ್ಥ. ಅದನ್ನ ತೊಳೆದು ಮರೆಯೋ ಹಾಗಿಲ್ಲ, ಮಾಲೀಕರಿಗೆ ತೋರಿಸಬೇಕು.

5. ಚೇಂಬರ್ ಅಂಚು ಸಮ ಇದೆಯಾ ನೋಡಬೇಕು. ಹಿಂದೆ ಯಾರೋ ಬಿಗಿ ಮಾಡಿ ಮಾಡಿ ಬೋಲ್ಟ್ ತೂತಿನ ಸುತ್ತ ತಗಡು ಉಬ್ಬಿರುತ್ತೆ. ಸಮತಟ್ಟಾದ ಕಬ್ಬಿಣದ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಸರಿ ಮಾಡಬೇಕು. ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಗೆ ಹೆಸರಾಗಿದ್ದ ಹರಿಹರದಲ್ಲಿ ‘ಮಟ್ಟ’ ನೋಡೋದನ್ನ ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ.

6. ಕಾರ್ಕ್ ಪ್ಯಾಕಿಂಗ್ ಅಂಗಡಿಯಲ್ಲಿ ವರ್ಷಗಟ್ಟಲೆ ನೇತಾಡಿದ್ದರೆ ಒಣಗಿ ಕುಗ್ಗಿರುತ್ತೆ, ತೂತು ಹೊಂದಲ್ಲ. ಎಳೆದರೆ ಹರಿಯುತ್ತೆ. ಸ್ವಲ್ಪ ಹೊತ್ತು ಬೆಚ್ಚಗಿನ ನೀರಲ್ಲಿ ನೆನೆಸಿ ಒರೆಸಿದರೆ ಅಳತೆಗೆ ಬರುತ್ತೆ. ಮುಟ್ಟಿದ ಕೂಡಲೇ ಮುರಿಯೋದಾದರೆ ವಾಪಸ್ ಕೊಡಿ.

ಪೇಸ್ಟ್ ಜಾಸ್ತಿ ಆದರೆ ಎಂಜಿನ್‌ಗೇ ಕುತ್ತು

ಅನಾಬಾಂಡ್ ಥರದ ಪೇಸ್ಟನ್ನ ಟ್ಯೂಬ್ ಖಾಲಿ ಆಗೋವರೆಗೆ ಹಿಂಡೋದು ಸಾಮಾನ್ಯ ತಪ್ಪು. ಹೊರಗೆ ಉಕ್ಕಿದ್ದು ಕಣ್ಣಿಗೆ ಕಾಣುತ್ತೆ, ಅಷ್ಟೇ ಪೇಸ್ಟ್ ಒಳಗೂ ಉಕ್ಕಿರುತ್ತೆ. ಅದು ಕಿತ್ತು ಬಂದು ಸ್ಟ್ರೈನರ್‌ಗೆ ಅಡ್ಡ ಕೂತರೆ ಆಯಿಲ್ ಮೇಲಕ್ಕೆ ಹೋಗಲ್ಲ. ಬರೀ ಪೇಸ್ಟಿನಲ್ಲಿ ಕೂರಿಸೋ ಚೇಂಬರ್ ಆದರೆ ಸುಮಾರು 3 ಮಿಲಿಮೀಟರ್ ದಪ್ಪದ ಒಂದೇ ಗೆರೆ, ಬೋಲ್ಟ್ ತೂತಿನ ಒಳಬದಿಯಲ್ಲಿ. ಕಾರ್ಕ್ ಇದ್ದರೆ ಮೂಲೆಗಳಿಗೆ, ಜೋಡಣೆ ಇರೋ ಕಡೆ ಚೂರು ಸವರಿದರೆ ಸಾಕು. ಹಚ್ಚೋ ಜಾಗದಲ್ಲಿ ಹನಿ ಆಯಿಲ್ ಇದ್ದರೂ ಪೇಸ್ಟ್ ಹಿಡಿಯಲ್ಲ.

ಬೋಲ್ಟ್ ಬಿಗಿ ಮಾಡೋದ್ರಲ್ಲೇ ಇದೆ ಗುಟ್ಟು

ಮೊದಲು ಎಲ್ಲಾ ಬೋಲ್ಟನ್ನ ಬೆರಳಲ್ಲೇ ಹಿಡಿಸಬೇಕು. ಆಮೇಲೆ ಮಧ್ಯದಿಂದ ಶುರು ಮಾಡಿ ಎದುರು ಬದುರಾಗಿ ಎರಡೂ ತುದಿಯ ಕಡೆ ಹೋಗಬೇಕು, ಎರಡು ಮೂರು ಸುತ್ತಿನಲ್ಲಿ. ಈ ಸಣ್ಣ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಸಾಕು. ಅಂದರೆ ಗಿಡ್ಡ ಪಾನಾ ಹಿಡಿದು ಮಣಿಕಟ್ಟಿನ ಬಲದಲ್ಲಿ ತಿರುಗಿಸಿದಷ್ಟು. ಪೈಪ್ ಹಾಕಿ ಎಳೆದರೆ ಕಾರ್ಕ್ ಹಿಂಡಿ ಹೊರಗೆ ಬರುತ್ತೆ, ಇಲ್ಲಾ ಬ್ಲಾಕಿನ ಥ್ರೆಡ್ ಹೋಗುತ್ತೆ. ಥ್ರೆಡ್ ಹೋದರೆ ಖರ್ಚಿನ ಲೆಕ್ಕವೇ ಬೇರೆ.

ಪೇಸ್ಟ್ ಹಾಕಿದ್ದರೆ ಅದು ಪೂರ್ತಿ ಗಟ್ಟಿಯಾಗೋಕೆ ಸಾಮಾನ್ಯವಾಗಿ 24 ಗಂಟೆ ಬೇಕು. ‘ಸಂಜೆಗೇ ಗಾಡಿ ಬೇಕು’ ಅಂತ ಮೆಕ್ಯಾನಿಕ್ ಮೇಲೆ ಒತ್ತಡ ಹಾಕಿದರೆ ನಷ್ಟ ಗಾಡಿಯವರಿಗೇ.

ಆಯಿಲ್ ಹಾಕುವಾಗ ಅಂದಾಜು ಬೇಡ. 800, ಓಮ್ನಿಗೆ 3 ಲೀಟರ್ ಒಳಗೇ ಸಾಕಾಗುತ್ತೆ. ಸ್ವಲ್ಪ ಕಡಿಮೆ ಹಾಕಿ, ಎಂಜಿನ್ ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿ, ಆಯಿಲ್ ಕೆಳಗಿಳಿದ ಮೇಲೆ ಡಿಪ್‌ಸ್ಟಿಕ್ ನೋಡಿ ಉಳಿದದ್ದು ಹಾಕಬೇಕು. ಕಾರ್ಕ್ ಹಾಕಿದ್ದರೆ ಒಂದೆರಡು ದಿನ ಓಡಿಸಿ ಬೋಲ್ಟುಗಳನ್ನ ಇನ್ನೊಮ್ಮೆ ಹದವಾಗಿ ನೋಡಬೇಕು.

ಹೊಸ ಪ್ಯಾಕಿಂಗ್ ಹಾಕಿದರೂ ಮತ್ತೆ ಸೋರಿದರೆ ಬ್ರೀದರ್ ಪೈಪ್ ಬ್ಲಾಕ್ ಆಗಿದೆಯಾ ನೋಡಿ. ಒಳಗಿನ ಗಾಳಿಗೆ ದಾರಿ ಇಲ್ಲದಿದ್ದರೆ ಅದು ಆಯಿಲನ್ನ ಪ್ಯಾಕಿಂಗ್ ಕಡೆಯೇ ತಳ್ಳುತ್ತೆ. ರಿಂಗ್ ಸವೆದ ಎಂಜಿನ್ನಿನಲ್ಲೂ ಇದೇ ಕಥೆ.

ಕೆಂಪು ಲೈಟ್ ಹತ್ತಿದರೆ ಅಲ್ಲೇ ನಿಲ್ಲಿಸಿ

ಡ್ಯಾಶ್‌ಬೋರ್ಡಿನ ಆಯಿಲ್ ಲೈಟ್ ತೋರಿಸೋದು ಪ್ರೆಶರ್. ಓಡುವಾಗ ಅದು ಹತ್ತಿದರೆ ಆಯಿಲ್ ಬೇರಿಂಗಿಗೆ ತಲುಪುತ್ತಿಲ್ಲ ಅಂತ. ‘ಇನ್ನೆರಡು ಕಿಲೋಮೀಟರ್, ಬಂಕ್ ಬಂತು’ ಅಂತ ಓಡಿಸಬಾರದು. ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ.

ಇಳಿಸಿದ ಆಯಿಲ್ ಎಲ್ಲಿಗೆ?

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಚರಂಡಿಗೆ ಸುರಿದರೆ ಅದು ನೀರಿನ ಜೊತೆ ಹಳ್ಳ, ಹೊಳೆ ಸೇರುತ್ತೆ. ಹರಿಹರದ ಪಕ್ಕದಲ್ಲೇ ಹರಿಯೋ ತುಂಗಭದ್ರೆಯ ನೀರನ್ನ ರಾಜನಹಳ್ಳಿ ಹತ್ತಿರ ಎತ್ತಿ ದಾವಣಗೆರೆಗೂ ಕೊಡಲಾಗುತ್ತೆ. ಮುಚ್ಚಳ ಇರೋ ಕ್ಯಾನಿಗೆ ತುಂಬಿ, ಹಳೇ ಆಯಿಲ್ ಸಂಗ್ರಹಿಸಿ ಅಧಿಕೃತ ಸಂಸ್ಕರಣೆಗೆ ಕಳಿಸೋ ಗ್ಯಾರೇಜಿಗೆ ಕೊಡಿ.

ಕೆಲಸ ಮುಗಿದ ಮರುದಿನ ಗಾಡಿ ಕೆಳಗೆ ಒಂದು ಹಳೇ ರಟ್ಟು ಹಾಕಿಡಿ. ಬೆಳಿಗ್ಗೆ ಅದು ಒಣಗಿದ್ದರೆ ಪ್ಯಾಕಿಂಗ್ ಸರಿಯಾಗಿ ಕೂತಿದೆ. ಹನಿ ಇದ್ದರೆ ಅದೇ ರಟ್ಟು ತಗೊಂಡು ಹೋಗಿ ಮೆಕ್ಯಾನಿಕ್‌ಗೆ ತೋರಿಸಿ, ಹನಿ ಬಿದ್ದ ಜಾಗ ನೋಡಿದರೆ ಹುಡುಕೋದು ಅವರಿಗೂ ಸುಲಭ.