ಕಂದು ಹಾಕುವ ಹಸುವಿಗೆ ಲಸಿಕೆ: ನಾವೇಕೆ ಕಾಯಬೇಕು?

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಭತ್ತ, ಕಬ್ಬಿನ ದುಡ್ಡು ಕೈಸೇರುವುದು ವರ್ಷಕ್ಕೆ ಒಂದೆರಡು ಸಲ. ವಾರದ ಖರ್ಚು ತೂಗಿಸುವುದು ಡೇರಿಗೆ ಹಾಕುವ ಹಾಲು. ಹಾಗಾಗಿ ಐದಾರು ತಿಂಗಳ ಗಬ್ಬದ ಹಸು ಕಂದು ಹಾಕಿದರೆ ನಷ್ಟ ಕರುವಿಗೆ ನಿಲ್ಲುವುದಿಲ್ಲ. ಆ ಸೂಲಿನ ಹಾಲು ಹೋಗುತ್ತದೆ, ಮತ್ತೆ ಬೆದೆಗೆ ಬಂದು ಗಬ್ಬ ನಿಲ್ಲುವವರೆಗಿನ ಹುಲ್ಲು, ಹಿಂಡಿ ಮೈಮೇಲೆ ಬೀಳುತ್ತದೆ. ಇಂಥ ಹೊತ್ತಿನಲ್ಲಿ ಮೊದಲು ಕೇಳಿಬರುವ ಹೆಸರು ಬ್ರುಸೆಲ್ಲಾ. ಅದು ಬ್ಯಾಕ್ಟೀರಿಯಾ, ಅದಕ್ಕೆ ಲಸಿಕೆಯೂ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಅದನ್ನು ಹಾಕುತ್ತಾರೆ. ಆದರೆ ಗರ್ಭ ಕೆಡಿಸುವ ಇನ್ನೊಂದು ಜೀವಿಯಿದೆ: ನಿಯೋಸ್ಪೊರಾ ಕ್ಯಾನೈನಮ್ ಎಂಬ ಏಕಕೋಶ ಪರಾವಲಂಬಿ. ದಕ್ಷಿಣ ಪ್ರಸ್ಥಭೂಮಿಯ ಹಸು, ಎಮ್ಮೆಗಳ ರಕ್ತದಲ್ಲಿ ಇದರ ವಿರುದ್ಧದ ಪ್ರತಿಕಾಯಗಳು ಸಿಕ್ಕಿದ್ದನ್ನು ಬೆಂಗಳೂರಿನ ಹೆಬ್ಬಾಳದ ಪಶುರೋಗ ಸಂಶೋಧಕರು 2013ರಲ್ಲೇ ಪ್ರಕಟಿಸಿದ್ದಾರೆ. ಇದಕ್ಕೆ ಲಸಿಕೆಯ ಅಗತ್ಯ ದೊಡ್ಡ ಡೇರಿಗಳ ಶ್ರೀಮಂತ ದೇಶಗಳಿಗಿಂತ ನಮಗೇ ಹೆಚ್ಚು, ಆದ್ದರಿಂದ ಅವರು ಮಾಡಿಕೊಡಲಿ ಎಂದು ಕಾಯುವುದು ತಪ್ಪು ಎಂಬುದು ನನ್ನ ವಾದ.

ಈ ಜೀವಿ ಮೊದಲು ಕಣ್ಣಿಗೆ ಬಿದ್ದದ್ದು 1984ರಲ್ಲಿ, ನಾರ್ವೆಯ ನಾಯಿಮರಿಗಳಲ್ಲಿ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜೆ.ಪಿ. ದುಬೆ ಮತ್ತು ಸಂಗಡಿಗರು 1988ರಲ್ಲಿ ಇದಕ್ಕೆ ಹೆಸರಿಟ್ಟರು. ನಾಯಿಯ ಕರುಳಿನಲ್ಲಿ ಇದು ಸಂತತಿ ಬೆಳೆಸಿ ಮಲದೊಂದಿಗೆ ಹೊರಬರುತ್ತದೆ ಎಂಬುದು 1998ರಲ್ಲಿ ಖಚಿತವಾಯಿತು. ನಾಯಿ ಹೊಲಸು ಮಾಡಿದ ಮೇವು, ನೀರಿನಿಂದ ಹಸುವಿಗೆ ಸೋಂಕು. ಸೋಂಕಿದ ಹಸುವಿನ ಕಂದು, ಮಾಸು ತಿಂದರೆ ನಾಯಿಗೆ ಸೋಂಕು. ಇಷ್ಟೇ ಆಗಿದ್ದರೆ ಕೊಟ್ಟಿಗೆಯಿಂದ ನಾಯಿಯನ್ನು ದೂರವಿಟ್ಟು ಗೆಲ್ಲಬಹುದಿತ್ತು. ಆದರೆ ಒಮ್ಮೆ ಹೊಕ್ಕ ಪರಾವಲಂಬಿ ಹಸುವಿನ ಮೈಯಲ್ಲಿ ಜೀವಮಾನವಿಡೀ ಅಡಗಿರುತ್ತದೆ, ಗಬ್ಬದ ಕಾಲದಲ್ಲಿ ಎಚ್ಚೆತ್ತು ಗರ್ಭಕ್ಕೆ ದಾಟುತ್ತದೆ. ಹಾಗೆ ದಾಟಿದಾಗಲೆಲ್ಲ ಕಂದು ಬೀಳುವುದಿಲ್ಲ; ಬಹುಪಾಲು ಕರುಗಳು ನೋಡಲು ಗಟ್ಟಿಮುಟ್ಟಾಗಿಯೇ ಹುಟ್ಟಿ, ಸೋಂಕನ್ನು ಮುಂದಿನ ಪೀಳಿಗೆಗೆ ಒಯ್ಯುತ್ತವೆ. ತಾಯಿಗೆ ಜ್ವರವಿಲ್ಲ, ಮೇವು ಬಿಡುವುದಿಲ್ಲ. ಸಂತೆಯಲ್ಲಿ ಹಲ್ಲು, ಕೆಚ್ಚಲು ನೋಡಿ ಕೊಂಡವರಿಗೆ ಇದು ತಿಳಿಯುವ ಬಗೆಯೇ ಇಲ್ಲ.

ಲಸಿಕೆಯ ಪ್ರಯತ್ನ ನಡೆದಿಲ್ಲವೆಂದಲ್ಲ. ಪರಾವಲಂಬಿಯನ್ನು ಕೊಂದು ತಯಾರಿಸಿದ ‘ನಿಯೋಗಾರ್ಡ್’ ಮಾರುಕಟ್ಟೆಗೂ ಬಂದಿತ್ತು. ಕೋಸ್ಟರಿಕಾದ ಡೇರಿಗಳಲ್ಲಿ ಅದು ಗರ್ಭಪಾತವನ್ನು ಸುಮಾರು ಅರ್ಧಕ್ಕೆ ಇಳಿಸಿತು. ನ್ಯೂಜಿಲೆಂಡಿನಲ್ಲಿ ಫಲ ಹಿಂಡಿನಿಂದ ಹಿಂಡಿಗೆ ಬೇರೆಬೇರೆಯಾಯಿತು. ಕೊನೆಗೆ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ತೊಡಕಿರುವುದು ಗರ್ಭದ ಸ್ವಭಾವದಲ್ಲೇ. ಜೀವಕೋಶದೊಳಗೆ ಅವಿತ ಈ ಶತ್ರುವನ್ನು ಕೊಲ್ಲಲು ದೇಹಕ್ಕೆ ಬಿರುಸಾದ ಉರಿಯೂತದ ಪ್ರತಿಕ್ರಿಯೆ ಬೇಕು. ಆದರೆ ಗಬ್ಬದ ಹಸುವಿನಲ್ಲಿ ಆ ಬಿರುಸೇ ಮಾಸಿಗೆ ಪೆಟ್ಟು ಕೊಟ್ಟೀತು. ಆದ್ದರಿಂದ ಲಸಿಕೆ ಗಬ್ಬಕ್ಕೆ ಮೊದಲೇ ಬೀಳಬೇಕು, ಅದೂ ನಿಜವಾದ ಸೋಂಕನ್ನು ಹೋಲುವಂತಿರಬೇಕು. ಆಸ್ಟ್ರೇಲಿಯಾದಲ್ಲಿ ನೌರಾ ಎಂಬ ಊರಿನ ಕರುವಿನಿಂದ ಪಡೆದ, ಅಷ್ಟಾಗಿ ಉಗ್ರವಲ್ಲದ ಜೀವಂತ ತಳಿಯನ್ನು ಕಡಸುಗಳಿಗೆ ಗಬ್ಬಕ್ಕೆ ಮೊದಲೇ ಚುಚ್ಚಿದರು. ಆಮೇಲೆ ಉಗ್ರ ತಳಿಯನ್ನು ಬೇಕೆಂದೇ ತಗುಲಿಸಿದರೂ ಬಹುಪಾಲು ಕರುಗಳು ಉಳಿದವು. ದಾರಿ ಇದೆ. ಅದು ಅಂಗಡಿಯವರೆಗೆ ಬಂದಿಲ್ಲ, ಅಷ್ಟೆ.

ಬಾರದಿರಲು ಕಾರಣ ವಿಜ್ಞಾನವೊಂದೇ ಅಲ್ಲ. ಶ್ರೀಮಂತ ದೇಶಗಳ ರೈತ ರಕ್ತಪರೀಕ್ಷೆ ಮಾಡಿಸಿ ಸೋಂಕಿನ ಹಸುವನ್ನು ಕಸಾಯಿಖಾನೆಗೆ ಕಳಿಸಬಲ್ಲ. ಲಸಿಕೆಗಿಂತ ಅದೇ ಅಗ್ಗವೆಂದು ಅವನಿಗೆ ಕಂಡರೆ ಆಶ್ಚರ್ಯವಿಲ್ಲ. ನಮ್ಮಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಕಾಯ್ದೆ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ, ಪರಿಣಾಮ ನೋಡೋಣ: ಸೋಂಕಿನ ಹಸು ಒಂದೋ ಅದೇ ಕೊಟ್ಟಿಗೆಯಲ್ಲಿ ಉಳಿಯುತ್ತದೆ, ಇಲ್ಲವೇ ಇನ್ನೊಂದು ಊರಿನ ಕೊಟ್ಟಿಗೆ ಸೇರುತ್ತದೆ. ಬೀದಿನಾಯಿಗಳನ್ನು ಇಲ್ಲವಾಗಿಸುವುದೂ ಆಗದ ಮಾತು. ಮಾಸನ್ನು ಆಳವಾಗಿ ಹೂಳುವುದು ಖಂಡಿತ ಒಳ್ಳೆಯದು, ಅದಕ್ಕೆ ಖರ್ಚೂ ಇಲ್ಲ. ಆದರೆ ಅದು ನಾಯಿಯ ದಾರಿಯನ್ನು ಕಟ್ಟೀತೇ ಹೊರತು ತಾಯಿಯಿಂದ ಕರುವಿಗೆ ಹೋಗುವ ದಾರಿಯನ್ನಲ್ಲ.

ಜೀವಂತ ಲಸಿಕೆಗೆ ಕೊರೆಯುವ ಚಳಿ ಬೇಕು, ಹಳ್ಳಿಗೆ ಒಯ್ಯುವುದು ಹೇಗೆ ಎನ್ನುವವರಿದ್ದಾರೆ. ಹಳ್ಳಿಗೆ ದ್ರವ ಸಾರಜನಕ ಹೊಸದೇನಲ್ಲ; ಕೃತಕ ಗರ್ಭಧಾರಣೆಯ ವೀರ್ಯ ನಳಿಕೆಗಳು ಬರುವುದೇ ಅದರ ಜಾಡಿಯಲ್ಲಿ. ಉಣ್ಣೆಯಿಂದ ಹರಡುವ ಥೈಲೀರಿಯಾ ಕೂಡ ಪರಾವಲಂಬಿಯೇ. ಅದರ ಜೀವಂತ ಲಸಿಕೆ ‘ರಕ್ಷಾವ್ಯಾಕ್-ಟಿ’ಯನ್ನು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಇದೇ ಸಾರಜನಕದಲ್ಲಿಟ್ಟು ಒದಗಿಸಿದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಜೀವಂತ ತಳಿ ಹಸುವಿನಲ್ಲೇ ನೆಲೆನಿಂತು ಕರುವಿಗೆ ದಾಟಿದರೆ? ಈಗಾಗಲೇ ಸೋಂಕಿರುವ ಹಸುವನ್ನು ಲಸಿಕೆ ಶುದ್ಧಗೊಳಿಸುವುದೂ ಇಲ್ಲ. ಎರಡೂ ನಿಜ. ಆದ್ದರಿಂದಲೇ ಪ್ರಯೋಗ ಸೋಂಕಿಲ್ಲದ ಕಡಸುಗಳಿಂದ ಶುರುವಾಗಿ, ಅವುಗಳ ಕರುಗಳನ್ನೂ ಪರೀಕ್ಷಿಸಿಕೊಂಡು ನಿಧಾನವಾಗಿ ನಡೆಯಬೇಕು.

ಬ್ರುಸೆಲ್ಲಾವೇ ಇನ್ನೂ ಹತೋಟಿಗೆ ಬಂದಿಲ್ಲ, ಇದೇಕೆ ಈಗ ಎಂಬ ಮಾತೂ ಬರುತ್ತದೆ. ಬ್ರುಸೆಲ್ಲಾ ಲಸಿಕೆ ಹಾಕಿಸಿದ ಹಸು ನಿಯೋಸ್ಪೊರಾದಿಂದ ಕಂದು ಹಾಕಿದರೆ ರೈತ ಬೈಯುವುದು ಲಸಿಕೆಯನ್ನೇ. ಮುಂದಿನ ಕರುವಿಗೆ ಹಾಕಿಸಲು ಅವನು ಬರುವುದಿಲ್ಲ. ಬಿದ್ದ ಕಂದನ್ನೂ ತಾಯಿಯ ರಕ್ತವನ್ನೂ ಪ್ರಯೋಗಾಲಯಕ್ಕೆ ಕಳಿಸಿ ಕಾರಣ ಗುರುತಿಸುವ ವ್ಯವಸ್ಥೆ ಎರಡೂ ಲಸಿಕೆಗಳಿಗೆ ಬೇಕು. ಹಾಲು ಸಂಘಗಳ ಜಾಲ ಊರೂರಿನಲ್ಲಿರುವ ಮೈಸೂರು ಜಿಲ್ಲೆಯಲ್ಲಿ ಅದು ದೊಡ್ಡ ಕೆಲಸವಲ್ಲ.

ಕುರಿಯ ವಿಚಾರದಲ್ಲಿ ಜಗತ್ತು ಒಂದು ಹೆಜ್ಜೆ ಮುಂದಿದೆ. ಬೆಕ್ಕಿನಿಂದ ಹರಡುವ ಟಾಕ್ಸೊಪ್ಲಾಸ್ಮಾ ನಿಯೋಸ್ಪೊರಾದ ಹತ್ತಿರದ ನಂಟು. ಅದರಿಂದ ಕುರಿಗಳು ಕಂದು ಹಾಕುವುದನ್ನು ತಡೆಯುವ ಜೀವಂತ ಲಸಿಕೆ ನ್ಯೂಜಿಲೆಂಡಿನಲ್ಲಿ 1988ರಿಂದ ಬಳಕೆಯಲ್ಲಿದೆ. ಮೂರು ಸಾವಿರಕ್ಕೂ ಹೆಚ್ಚು ಸಲ ಇಲಿಯಿಂದ ಇಲಿಗೆ ದಾಟಿಸಿದ ಆ ತಳಿ ಮಾಂಸದಲ್ಲಿ ಗೂಡುಕಟ್ಟುವ ಶಕ್ತಿಯನ್ನೇ ಕಳೆದುಕೊಂಡಿದೆ. ತಿ. ನರಸೀಪುರ ತಾಲ್ಲೂಕಿನ ಬನ್ನೂರು ಕುರಿಗೆ ಇದನ್ನು ಪರೀಕ್ಷಿಸಿ ನೋಡಲು ಎರಡು ಅಡಚಣೆಗಳಿವೆ. ಇದು ಮನುಷ್ಯರಿಗೂ ಸೋಂಕಬಲ್ಲದ್ದರಿಂದ ಗರ್ಭಿಣಿಯರು ಮುಟ್ಟಬಾರದು. ಮಂದೆಯ ಕೆಲಸದಲ್ಲಿ ಹೆಂಗಸರೂ ಇರುವ ಮನೆಗಳಲ್ಲಿ ಇದನ್ನು ಮೊದಲೇ ಬಿಡಿಸಿ ಹೇಳಬೇಕು. ಟಗರು ಕೂಡುವುದಕ್ಕೆ ಕನಿಷ್ಠ ಮೂರು ವಾರ ಮುಂಚೆ ಚುಚ್ಚಬೇಕು. ಟಗರು ವರ್ಷವಿಡೀ ಮಂದೆಯಲ್ಲೇ ಇರುವ ಕಡೆ ಅದು ತೊಡಕಿನ ಮಾತು. ಹತ್ತಿಪ್ಪತ್ತು ಕುರಿಗಳಿರುವ ಮನೆಯಲ್ಲಿ ಟಗರನ್ನು ಒಂದು ತಿಂಗಳು ಬೇರೆ ಕಟ್ಟಬಹುದು, ಮೇವು ಹುಡುಕಿ ತಿರುಗುವ ದೊಡ್ಡ ಮಂದೆಯಲ್ಲಿ ಆಗದು. ಪ್ರಯೋಗವನ್ನು ಸಣ್ಣ ಸಾಕಣೆದಾರರಿಂದಲೇ ಶುರುಮಾಡಬೇಕು.