ಬಾಡಿಗೆ ಫ್ಲ್ಯಾಟಿಗೆ ನವಿಲು ಬಣ್ಣ: ಬ್ರಷ್ ಹಿಡಿಯುವ ಮೊದಲು ಒಂದು ಲೆಕ್ಕ

ಊರಿನಿಂದ ಫ್ಯಾಮಿಲಿ ಬರ್ತದೆ ಅಂತ ಗೊತ್ತಾದ ಕೂಡಲೇ ಬ್ಯಾಚುಲರ್ ರೂಮು ಬಿಟ್ಟು ಬರ್ ದುಬೈಯಲ್ಲಿ ಸ್ಟುಡಿಯೋನೋ ಒನ್ ಬೆಡ್‌ರೂಮೋ ಹಿಡಿಯುವವರು ನಮ್ಮಲ್ಲಿ ತುಂಬಾ ಮಂದಿ. ಕೀ ಸಿಕ್ಕಿದ ಮೇಲೆ ನೋಡಿದರೆ ನಾಲ್ಕೂ ಗೋಡೆ ಬರೀ ಬಿಳಿ. ಆಗ ಮೊಬೈಲಿನಲ್ಲಿ ನೋಡಿದ ಆ ಗಾಢ ಬಣ್ಣ ನೆನಪಾಗುತ್ತದೆ, ಪೂರ್ತಿ ನೀಲಿಯೂ ಅಲ್ಲ, ಪೂರ್ತಿ ಹಸಿರೂ ಅಲ್ಲ. ಅಂಗಡಿಯವರು ಟೀಲ್ ಅಂತಾರೆ. ನಮಗೆ ಅದು ನವಿಲುಗರಿಯ ಬಣ್ಣ. ಅಡಿಕೆಗೆ ಹೊಡೆಯುವ ಮೈಲುತುತ್ತದ ದ್ರಾವಣ ನೋಡಿದವರಿಗೆ ಹೇಳುವುದಾದರೆ, ಅದಕ್ಕಿಂತ ಎಷ್ಟೋ ಗಾಢ.

ಮೊದಲ ಸಲ ಹೆಂಡತಿ-ಮಗಳು ಬಂದಾಗ ನಾನೂ ಇಡೀ ಬೆಡ್‌ರೂಮಿಗೆ ಇದೇ ಬಣ್ಣ ಹಚ್ಚಿಸಿದ್ದೆ. ಯಾರನ್ನೂ ಕೇಳಲಿಲ್ಲ. ಎರಡು ವರ್ಷ ಕಳೆದು ಮನೆ ಬಿಡುವಾಗ 2,500 ದಿರ್ಹಂ ಡಿಪಾಸಿಟ್‌ನಲ್ಲಿ ಕೈಗೆ ಬಂದದ್ದು 1,100. ಬೇರೆಯವರ ಲೆಕ್ಕ ಬರೆಯುವವನು ನನ್ನದೇ ಲೆಕ್ಕ ತಪ್ಪಿದ್ದೆ.

ಬೆಳಕು ನೋಡಿ, ಆಮೇಲೆ ಬಣ್ಣ

ಗಾಢ ಬಣ್ಣ ಬೆಳಕನ್ನು ನುಂಗುತ್ತದೆ. ಬರ್ ದುಬೈಯ ಹಳೇ ಕಟ್ಟಡಗಳಲ್ಲಿ ಎಷ್ಟೋ ಕಿಟಕಿಗಳು ಪಕ್ಕದ ಕಟ್ಟಡದ ಗೋಡೆಗೇ ತೆರೆದುಕೊಳ್ತವೆ. ಅಂಥ ರೂಮಿನಲ್ಲಿ ನಾಲ್ಕೂ ಗೋಡೆಗೆ ಹಚ್ಚಿದರೆ ಹಗಲಲ್ಲೂ ಲೈಟ್ ಹಾಕಬೇಕು. ಒಂದೇ ಗೋಡೆ ಸಾಕು: ಮಂಚದ ತಲೆಭಾಗದ್ದು, ಇಲ್ಲವೇ ಕಿಟಕಿಯ ಎದುರಿನದ್ದು. ಉಳಿದ ಮೂರು ಮತ್ತು ಸೀಲಿಂಗ್ ಬಿಳಿಯೇ ಇರಲಿ.

ಈ ಬಣ್ಣ ಬಲ್ಬಿನ ಜೊತೆಗೂ ಬದಲಾಗುತ್ತದೆ. ಹಳದಿ ಬೆಳಕಿನ (ಸುಮಾರು 3,000 ಕೆಲ್ವಿನ್) ಬಲ್ಬಿನಡಿ ಹಸಿರಿನ ಕಡೆ ವಾಲುತ್ತದೆ, ಬಿಳಿ ಟ್ಯೂಬ್‌ಲೈಟಿನಲ್ಲಿ (6,500 ಕೆಲ್ವಿನ್) ನೀಲಿಯಾಗಿ ಕಾಣುತ್ತದೆ. ಹಾಗಾಗಿ ಸಣ್ಣ ಡಬ್ಬಿ ತಂದು ಒಂದು ದಪ್ಪ ರಟ್ಟಿಗೆ ಎರಡು ಕೋಟ್ ಹಚ್ಚಿ, ಗೋಡೆಗೆ ಒರಗಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ನೋಡಿ. ಫೋನ್ ಪರದೆಯನ್ನು ನಂಬಬೇಡಿ. ಊರಿನ ಮನೆಗೆ ಇಲ್ಲಿಂದಲೇ ವಾಟ್ಸಾಪ್ ವಿಡಿಯೋದಲ್ಲಿ ಬಣ್ಣ ಆರಿಸುವವರಿಗೂ ಇದೇ ಮಾತು.

ಮಕ್ಕಳಿದ್ದರೆ ಒರೆಸಲು ಬರುವ ಸ್ಯಾಟಿನ್ ಫಿನಿಶ್ ಒಳ್ಳೆಯದು, ಆದರೆ ಗೋಡೆಯ ಉಬ್ಬುತಗ್ಗು ಅದರಲ್ಲಿ ಎದ್ದು ಕಾಣ್ತದೆ. ಮ್ಯಾಟ್ ಅದನ್ನು ಮುಚ್ಚುತ್ತದೆ, ಕೈಗುರುತು ಮಾತ್ರ ಉಳಿಯುತ್ತದೆ. ಯಾವುದಾದರೂ ನೀರಿನ ಎಮಲ್ಷನ್ನೇ ತನ್ನಿ, ಕಿಟಕಿ ತೆರೆದಿಡಿ, ಆ ರಾತ್ರಿ ಮಕ್ಕಳನ್ನು ಆ ರೂಮಿನಲ್ಲಿ ಮಲಗಿಸಬೇಡಿ.

ಹೋಗುವ ಖರ್ಚು, ಬರುವ ಖರ್ಚು

ಒಂದು ಲೀಟರ್ ಪೇಂಟ್ ಒಂದು ಕೋಟಿಗೆ ಸುಮಾರು 10 ಚದರ ಮೀಟರ್ ಬರ್ತದೆ ಅಂತ ಹಿಡಿಯಿರಿ. 10 ಅಡಿ ಅಗಲ, 9 ಅಡಿ ಎತ್ತರದ ಗೋಡೆ ಅಂದರೆ 90 ಚದರ ಅಡಿ, ಹೆಚ್ಚುಕಡಿಮೆ ಎಂಟೂವರೆ ಚದರ ಮೀಟರ್. ಎರಡು ಕೋಟಿಗೆ ಎರಡು ಲೀಟರ್ ಒಳಗೆ ಮುಗಿಯಿತು. 10ಕ್ಕೆ 12 ಅಡಿಯ ಇಡೀ ರೂಮಾದರೆ ಏಳು ಲೀಟರ್ ಬೇಕು.

ಇದು ಹೋಗುವ ಖರ್ಚು. ನಾವು ಮರೆಯುವುದು ಬರುವ ಖರ್ಚು. ಗಾಢ ಬಣ್ಣದ ಮೇಲೆ ಬಿಳಿ ಒಂದೇ ಕೋಟಿಗೆ ಕೂರುವುದಿಲ್ಲ. ಒಂದು ಕೋಟ್ ಪ್ರೈಮರ್, ಮೇಲೆ ಎರಡು ಕೋಟ್ ಬಿಳಿ ಬೇಕು. ಅಂದರೆ ಹಚ್ಚಿದ್ದಕ್ಕಿಂತ ಅಳಿಸುವ ಕೆಲಸವೇ ಜಾಸ್ತಿ. ಒಂದು ಗೋಡೆಯಾದರೆ ವಾರದ ರಜೆಯಲ್ಲಿ ನೀವೇ ಮುಗಿಸಬಹುದು, ನಾಲ್ಕಾದರೆ ಪೇಂಟರ್‌ಗೆ ಕೊಡಬೇಕು.

ಕಾನೂನು ಏನು ಹೇಳ್ತದೆ?

ದುಬೈಯ ಬಾಡಿಗೆ ಕಾನೂನು 2007ರ 26ನೇದ್ದು. ಅದರ 19ನೇ ವಿಧಿ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಬಾಡಿಗೆದಾರ ಮನೆಯಲ್ಲಿ ಬದಲಾವಣೆ ಮಾಡುವಂತಿಲ್ಲ. 21ನೇ ವಿಧಿ ಪ್ರಕಾರ ಮನೆ ಬಿಡುವಾಗ ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು, ಸಹಜ ಸವೆತಕ್ಕೆ ವಿನಾಯಿತಿ ಉಂಟು. ಬಿಳಿ ಗೋಡೆ ನವಿಲು ಬಣ್ಣ ಆದದ್ದನ್ನು ಸವೆತ ಅಂತ ವಾದಿಸುವುದು ಕಷ್ಟ. ಖಾಲಿ ಫ್ಲ್ಯಾಟಿಗೆ ವಾಡಿಕೆಯ ಡಿಪಾಸಿಟ್ ವರ್ಷದ ಬಾಡಿಗೆಯ ಶೇ. 5, ಕಡಿತ ಆಗುವುದು ಅದರಿಂದಲೇ. ಅಬುಧಾಬಿ, ಶಾರ್ಜಾದಲ್ಲಿ ಕಾನೂನು ಬೇರೆ, ಅಲ್ಲಿರುವವರು ಅಲ್ಲಿಯದನ್ನು ನೋಡಿಕೊಳ್ಳಿ.

ಆದ್ದರಿಂದ ಮೊದಲು ಒಂದು ಇಮೇಲ್ ಹಾಕಿ: ಯಾವ ಗೋಡೆ, ಯಾವ ಶೇಡ್ ನಂಬರ್, ಬಿಡುವಾಗ ನಾವೇ ಬಿಳಿ ಮಾಡಿ ಕೊಡ್ತೇವೆ ಅಂತ. ವಾಚ್‌ಮನ್ ಬಾಯಲ್ಲಿ "ಓಕೆ ಓಕೆ" ಅಂದದ್ದು ಅನುಮತಿ ಅಲ್ಲ. ಉತ್ತರವನ್ನೂ, ಕೀ ಸಿಕ್ಕಿದ ದಿನದ ಗೋಡೆಯ ಫೋಟೋಗಳನ್ನೂ ಬಾಡಿಗೆ ಕರಾರಿನ ಜೊತೆ ಇಟ್ಟುಕೊಳ್ಳಿ. ಬಿಳಿ ಪೇಂಟಿನ ಶೇಡ್ ಹೆಸರನ್ನೂ ಕೇಳಿಟ್ಟುಕೊಳ್ಳಿ, ಬಿಳಿಯಲ್ಲೂ ಹತ್ತು ಬಗೆ ಉಂಟು.

ಅನುಮತಿ ಸಿಗದಿದ್ದರೆ? ಬರ್ ದುಬೈಯ ಬಟ್ಟೆ ಸೂಕ್ ನಡೆದು ಹೋಗುವಷ್ಟು ಹತ್ತಿರ. ಅದೇ ಬಣ್ಣದ ದಪ್ಪ ಬಟ್ಟೆ ಕೊಂಡು ಪರದೆ ಹೊಲಿಸಿ, ಮಂಚಕ್ಕೊಂದು ಹೊದಿಕೆ ಮಾಡಿಸಿ. ನಮ್ಮ ಈಗಿನ ಮನೆಯಲ್ಲಿ ಇರುವುದು ಅದೇ. ಮನೆ ಬದಲಿಸುವಾಗ ಗೋಡೆ ಅಲ್ಲೇ ಉಳಿಯುತ್ತದೆ, ಪರದೆ ಜೊತೆಗೆ ಬರ್ತದೆ, ಡಿಪಾಸಿಟ್ಟೂ ಬರ್ತದೆ.